ಪುಣೆಯಿಂದ ಇಳಿದು ಬಂದ ಪ್ರಶ್ನೆ

ಜೂನ್ 12, 1927. ರವಿವಾರ, ಹುಬ್ಬಳ್ಳಿ

ಬಿಂದುಮಾಧವ! ಬಿಂದುಮಾಧವ! ಬಿಂದುಮಾಧವ!

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಆಯುಷ್ಯ ಕಡಿಮೆಯಾಗುತ್ತದೆ ಎಂದು ತವರಿನಿಂದ ಮಾಮಿ ಹೇಳಿ ಕಳಿಸಿದ್ದಾಳೆ. ಬರೆಯಬಾರದೆಂದು ಯಾರೂ ಹೇಳಿಲ್ಲ. ಈ ವಹಿಯ ತುಂಬ ಬರೆಯುತ್ತೇನೆ, ಯಾರಿಗೂ ತೋರಿಸುವುದಿಲ್ಲ. ಪುಣೆಯ ಇಂಗ್ಲಿಷ್ ಸಾಲೆಯಲ್ಲಿ ಓದಿದ ನನ್ನ ಕನ್ನಡ ಕೇಳಿ ಬಿಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರಲ್ಲ, ಅದಕ್ಕೇ ಹಟ ಹಿಡಿದು ಕನ್ನಡದಲ್ಲಿ ಬರೆಯುತ್ತೇನೆ.

ಇಂದು ನನ್ನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ರಾಯಾಪುರದವರೆಗೆ ಕರೆದೊಯ್ದರು! ನಮ್ಮ ಓಣಿ ದಾಟುವವರೆಗೆ ಸಭ್ಯಳಾಗಿ ನಡೆದೆ, ಆಮೇಲೆ ಹತ್ತಿದೆ. ಎದುರಿಗೆ ಬಂದ ಗಾಡಿಯವನೊಬ್ಬ ಬೀಡಿ ಬೀಳಿಸಿಕೊಂಡ. ರಸ್ತೆ ಸೇತುವೆ ಕಟ್ಟಿಸುವ ಬಾಂಧಕಾಮ ಖಾತೆಯ ಓವರ್ಸಿಯರ್ ಎಂದರೆ ರಸ್ತೆಗೆಲ್ಲ ರಾಜ ಎಂದು ತಿಳಿದಿದ್ದೆ. ರಾಜರ ಸೈಕಲ್ಲಿನ ಸರಪಳಿ ದಾರಿಯುದ್ದಕ್ಕೂ ಕಳಚುತ್ತಿತ್ತು.

ರಾಯಾಪುರದ ಹಳ್ಳದ ಮೇಲೆ ಈ ಬೇಸಿಗೆಯಲ್ಲಷ್ಟೇ ಮುಗಿದ ಕಲ್ಲಿನ ಸೇತುವೆ ಇದೆ. ಮೂರು ಕಮಾನು. ಅದರ ಉಸ್ತುವಾರಿ ನನ್ನ ಬಿಂದು ಅವರದು. "ನಿಮ್ಮ ಸೇತುವಿ ಎಷ್ಟು ಛಂದ ಅದರೀ!" ಎಂದು ಚಪ್ಪಾಳೆ ತಟ್ಟಿದೆ. ಅವರು ನಗಲಿಲ್ಲ. ಕೈ ಹಿಡಿದು ಹಳ್ಳಕ್ಕೆ ಇಳಿಸಿ, ನಡುವಿನ ಕಮಾನಿನ ಕೆಳಗೆ ನಿಲ್ಲಿಸಿ, ಕಲ್ಲಿನ ಸಂದಿಯಲ್ಲಿ ಬೆರಳು ಹಾಕು ಎಂದರು. ಹಾಕಿದೆ. ಕಲ್ಲು ಕೂಡಿಸಿದ ಗಚ್ಚು ಹುರಿದ ಹಿಟ್ಟಿನ ಹಾಗೆ ಉದುರಿ ಅಂಗೈ ತುಂಬಿತು.

"ಇದರಾಗ ಸುಣ್ಣ ಇಲ್ಲ, ಬರೇ ಮಣ್ಣು" ಎಂದರು. "ಕಟ್ಟುವಾಗನ ನಮ್ಮ ಸಾಹೇಬರಿಗೆ ಹೇಳಿದೆ. ಕುಬೇರಪ್ಪ ದೊಡ್ಡ ಗುತ್ತೇದಾರ, ನೀ ಹುಟ್ಟೂಕಿಂತ ಮೊದಲಿಂದ ಸೇತುವಿ ಕಟ್ಟಲಿಕ್ಕತ್ಯಾನ, ಬಾಯಿ ಮುಚ್ಚಿಕೊಂಡಿರು ಅಂದ್ರು."

"ಬೀಳ್ತದೇನ್ರೀ?"

"ಮಳಿ ಹಗುರ ಆದ್ರ ನಿಂತೀತು. ಹಳ್ಳ ತುಂಬಿ ಬಂದು ಬುಡಾ ತೊಳದ ದಿನ ಮ್ಯಾಲೊಂದು ಭಾರದ ಗಾಡಿ ಬಂದ್ರ..." ಎಂದು ನನ್ನ ಅಂಗೈಯ ಮಣ್ಣನ್ನು ಝಾಡಿಸಿದರು.

ನಾನು ಅಲ್ಲೇ ಕಲ್ಲಿಗೆ ಹಣೆ ಹಚ್ಚಿ, ದೇವರೇ, ಇದನ್ನು ಬೀಳದಂತೆ ನಿಲ್ಲಿಸು ಎಂದು ಬೇಡಿಕೊಂಡೆ. ಬಿಂದುವಿಗೆ ಕಡೆಗೂ ನಗು ಬಂತು. ನನಗೆ ಮಾತ್ರ ಒಂದು ಯೋಚನೆ ಹೊಳೆದಿದೆ. ನಮ್ಮ ವೆಂಕಣ್ಣ ಮಾಮಾ ಇದ್ದಾರಲ್ಲ, ಮುಂಬಯಿ ಕಾಯಿದೆ ಕೌನ್ಸಿಲಿನ ಮೆಂಬರು! ಸರಕಾರವೇ ಅವರ ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳುತ್ತದೆ. ಒಬ್ಬ ಸಾಹೇಬ, ಒಬ್ಬ ಕುಬೇರಪ್ಪ ಯಾವ ಲೆಕ್ಕ?

ಜೂನ್ 30. ಗುರುವಾರ, ಧಾರವಾಡ

ಇಂದಿನಿಂದ ಆಷಾಢ. ಹೊಸ ಮದುಮಗಳು ಈ ತಿಂಗಳು ಗಂಡನ ಮನೆಯಲ್ಲಿರಬಾರದು, ಗಂಡನ ಮುಖ ನೋಡಬಾರದು. ನನಗೆ ತಂದೆ ತಾಯಿ ಇಲ್ಲ, ಸಾಕಿ ಓದಿಸಿದ ವೆಂಕಣ್ಣ ಮಾಮಾನ ಮನೆಯೇ ತವರು. ಈ ನೇಮ ಮಾಡಿದವರು ಯಾರೋ, ಅವರಿಗೆ ಮದುವೆಯಾಗಿರಲಿಲ್ಲ ಅಂತ ಕಾಣುತ್ತದೆ. ಸ್ಟೇಶನ್ನಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಬಿಂದು ಕಿವಿಯವರೆಗೆ ಕೆಂಪಾದರು.

ತಾರಾಬಾಯಿ ಮಾಮಿ ನನ್ನನ್ನು ನೋಡಿದವಳೇ, "ಏನವಾ, ಹಾಲು ಬಿಡಿಸಿದ ಕೂಸಿನ ಗತೆ ಮಾರಿ ಮಾಡೀದಿ?" ಎಂದಳು. ಆಮೇಲೆ ಎರಡು ಹೋಳಿಗೆ ಹೆಚ್ಚಾಗಿಯೇ ಬಡಿಸಿದಳು. ಅಳುತ್ತ ತಿಂದೆ.

ಜುಲೈ 3. ರವಿವಾರ

ಆಯಿತು! ನಾನೇ ಮಾಡಿದೆ! ಅಂದರೆ ಪ್ರಶ್ನೆಯನ್ನು.

ಮಾಮಾ ಬೆಳಿಗ್ಗೆ ಪಡಸಾಲೆಯಲ್ಲಿ ಕೂತು, ಮಳೆಗಾಲದಲ್ಲಿ ಪುಣೆಯಲ್ಲಿ ಕೂಡುವ ಕೌನ್ಸಿಲಿನ ಬೈಠಕ್ಕಿಗೆ ಪ್ರಶ್ನೆ ಜೋಡಿಸುತ್ತಿದ್ದರು. ಸೇತುವೆಯ ಕಥೆಯೆಲ್ಲ ಹೇಳಿದೆ. ಅವರ ಕಣ್ಣು ಮಿಂಚಿತು. "ಭಲೆ! ಸರಕಾರದ ಮೂಗು ಹಿಡೀಲಿಕ್ಕೆ ಇದಕ್ಕಿಂತ ಛಲೋ ಸೇತುವಿ ಎಲ್ಲಿ ಸಿಗಬೇಕು! ನಿನ್ನ ಇಂಗ್ಲಿಷ್ ನನ್ನದಕ್ಕಿಂತ ಚೂಪು ಅದ, ನೀನಽ ಬರಿ ಮೃಣಾಲಿನಿ. ಪುಣಾದಾಗ ನಿನಗ ಕಲಿಸಿದ್ದಕ್ಕ ಒಂದು ಕೆಲಸರೆ ಆಗ್ಲಿ."

"ಮಾಮಾ, ನಮ್ಮವರು ಸಾಹೇಬರಿಗೆ ಮೊದಲೇ ಹೇಳಿದ್ರು ಅಂತನೂ ಬರೀತೀನಿ."

"ಥೂ ಹುಚ್ಚಿ! ಹೆಸರು ಬರೀಬಾರದು. ಸುದ್ದಿ ಕೊಟ್ಟವರನ್ನ ಕಾಯೂದು ಕೌನ್ಸಿಲಿನ ಮರ್ಯಾದಿ. ಬಿಂದುಮಾಧವಗ ಇದರ ಗಾಳಿ ಸೋಕಬಾರದು. ಅವಗೂ ಹೇಳಬ್ಯಾಡ."

"ನೀವು ಒಮ್ಮೆ ಬಂದು ಕಮಾನಿನ ಕೆಳಗ ನೋಡ್ತೀರೇನು? ಗಚ್ಚು ಕೈಯಾಗ ಬರ್ತದ."

"ನೋಡೂದು ನನ್ನ ಕೆಲಸ ಅಲ್ಲವಾ. ಕೇಳೂದು ನನ್ನ ಕೆಲಸ."

ಎಂಥ ಮಾತು! ನಾಲ್ಕು ಸಾರೆ ತಿದ್ದಿ ಬರೆದೆ. ರಾಯಾಪುರದ ಸೇತುವೆಯ ನಡುವಿನ ಕಮಾನಿನಲ್ಲಿ ಸುಣ್ಣದ ಬದಲು ಮಣ್ಣು ಹಾಕಿದ್ದು ಖರೆಯೇ? ಖರೆಯಿದ್ದರೆ ಸರಕಾರ ಯಾರ ಮೇಲೆ ಏನು ಕ್ರಮ ಕೈಕೊಂಡಿದೆ, ಮಳೆಗಾಲದಲ್ಲಿ ಪ್ರಯಾಣಿಕರ ಜೀವಕ್ಕೆ ಯಾರು ಹೊಣೆ? ಮಾಮಾ ಅದನ್ನು ಗಟ್ಟಿಯಾಗಿ ಓದಿ ತೊಡೆ ತಟ್ಟಿದರು. ಬಿಂದುವಿಗೆ ಹೇಳದೆ ಇರುವುದು ಕಷ್ಟ, ಆದರೆ ಎಷ್ಟು ಸಿಹಿಯಾದ ಕಷ್ಟ! ಆಷಾಢ ಮುಗಿದು ನಾನು ಹೋಗುವುದರೊಳಗೆ ಅವರ ಸೇತುವೆ ನೆಟ್ಟಗಾಗಿರುತ್ತದೆ. "ಯಾರು ಮಾಡಿದ್ರು?" ಎಂದು ಕೇಳುತ್ತಾರೆ. ನಾನು ಸುಮ್ಮನೆ ಬಳೆ ಸರಿಮಾಡಿಕೊಳ್ಳುತ್ತೇನೆ.

ಜುಲೈ 9. ಶನಿವಾರ

ಪ್ರಶ್ನೆ ಸ್ವೀಕಾರವಾಗಿದೆ. ಬೈಠಕ್ಕಿನ ಕೊನೆಯ ವಾರ ಉತ್ತರ. ನಾನೂ ಮಾಮಿಯೂ ಗೋಧಿ ಪಾಯಸ ಮಾಡಿದೆವು. ಮಾಮಿ ಕೇಳಿದಳು, "ಯಾಕವಾ ಈ ಪಾಯಸ?" ಸರಕಾರ ನಡುಗಲಿಕ್ಕತ್ತದ ಎಂದೆ. "ಹಂಗಾದ್ರ ಇನ್ನಷ್ಟು ಬೆಲ್ಲಾ ಹಾಕು" ಎಂದಳು.

ಜುಲೈ 20. ಬುಧವಾರ

ಹೇಗೆ ಬರೆಯಲಿ. 

ಬಿಂದು ಅವರ ಕಚೇರಿಯ ಸಿಪಾಯಿ ನೀಲಪ್ಪ ಹಲಸಿನ ಹಣ್ಣು ಹೊತ್ತುಕೊಂಡು ಬಂದಿದ್ದ. ನಿಮ್ಮ ರಾಯರು ಹೇಗಿದ್ದಾರೆ ಎಂದೆ, ಎಂದಿನಂತೆ ನಾಚಿಕೊಂಡು.

"ಹೆಂಗ ಇರ್ತಾರ್ರಿ ಅಕ್ಕಾರ, ಉಣ್ಣೂದು ಬಿಟ್ಟಾರ. ಪುಣಾದಾಗ ಯಾವನೋ ಪುಣ್ಯಾತ್ಮ ನಮ್ಮ ಸೇತುವಿ ಬಗ್ಗೆ ಪ್ರಶ್ನಾ ಕೇಳ್ಯಾನಂತ್ರಿ. ಆ ಕಾಗದಾ ಪುಣಾದಿಂದ ಬೆಳಗಾವಿಗೆ ಇಳೀತು, ಬೆಳಗಾವಿಯಿಂದ ಧಾರವಾಡಕ್ಕ ದೊಡ್ಡ ಸಾಹೇಬರ ಕಡೆ ಇಳೀತು, ಅವರು ನಮ್ಮ ಸಾಹೇಬರಿಗೆ ಉತ್ತರಾ ಬರಿ ಅಂದ್ರು, ನಮ್ಮ ಸಾಹೇಬರು ನಮ್ಮ ರಾಯರ ಮೇಜಿನ ಮ್ಯಾಲೆ ಒಗದು, ನೀ ಬರಿ ಅಂದ್ರು. ಕೆಳಗ ಇನ್ನ ಯಾರೂ ಇಲ್ಲಲ್ರಿ. ನನಗ ಬರೀಲಿಕ್ಕೆ ಬರ್ತಿದ್ರ ನನ್ನ ಕೈಯಾಗ ಕೊಡ್ತಿದ್ರು ನೋಡ್ರಿ."

ಅವನು ನಕ್ಕ. ನಾನೂ ನಕ್ಕೆ ಅನಿಸುತ್ತದೆ.

"ಸಾಹೇಬರು ಹೇಳಿಕೊಟ್ಟಾರ್ರಿ, ಸೇತುವಿ ಗಟ್ಟಿ ಐತಿ ಅಂತ ಬರಿ. ರಾಯರು ಬರೆಯಾಕ ಒಲ್ಲರು. ದಿನಾ ಮನಗಂಡ ಬೈಸಿಕೊಳ್ಳಾಕತ್ತಾರ."

ಸರಕಾರವನ್ನು ಕೇಳಿದರೆ ಸರಕಾರ ತನ್ನಲ್ಲೇ ಯಾರನ್ನಾದರೂ ಕೇಳುತ್ತದೆ, ಅವರು ಇನ್ನೊಬ್ಬರನ್ನು ಕೇಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಪುಣೆಯಿಂದ ಯಾರೋ ಬೂಟು ಹಾಕಿಕೊಂಡು ಬಂದು ಕಮಾನಿನ ಕೆಳಗೆ ನಿಂತು ನೋಡುತ್ತಾರೆ ಎಂದುಕೊಂಡಿದ್ದೆ.

ಜುಲೈ 21. ಗುರುವಾರ, ಹುಬ್ಬಳ್ಳಿ

ಆಷಾಢ ಮುರಿದು ಬಂದುಬಿಟ್ಟೆ. ಮಾಮಿ ಬಾಗಿಲಿಗೆ ಅಡ್ಡ ನಿಂತಳು. "ಗಂಡಗ ಕೇಡಾಗ್ತದ ಮೃಣಾಲಿನಿ, ಎಂಟು ದಿನ ತಡಿ." ಆಗಬೇಕಾದ ಕೇಡು ಆಗಲೇ ನನ್ನ ಅಕ್ಷರದಲ್ಲಿ ಬಂದು ಮುಟ್ಟಿದೆ ಮಾಮಿ, ಎಂದು ಹೇಳಲಾಗಲಿಲ್ಲ.

ಬಿಂದು ಕುರ್ಚಿಯಿಂದ ಏಳಲಿಲ್ಲ. ಎದುರಿಗೆ ಟೈಪು ಮಾಡಿದ ಪ್ರಶ್ನೆ. "ಈ ಇಂಗ್ಲಿಷ್ ನಿನ್ನದು" ಎಂದರು. "ಮೊದಲನೇ ಸಾಲು ಓದಿದ ಕೂಡಲೆ ಗೊತ್ತಾತು. 'ಪ್ರಯಾಣಿಕರ ಜೀವ' ಅಂತ ಬರೀಲಿಕ್ಕೆ ವೆಂಕಣ್ಣ ಮಾಮಾಗ ಪುರುಸೊತ್ತು ಎಲ್ಲೀದು?"

ನೆಲದ ಮೇಲೆ ಕೂತು ಅವರ ಮೊಣಕಾಲಿಗೆ ಮುಖವಿಟ್ಟು ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಸುಳ್ಳು ಬರದ್ರ ನೌಕರಿ ಉಳೀತದ" ಎಂದರು. "ಆಮ್ಯಾಲೆ ಒಂದು ದಿನ ಗಾಡಿ ಬೀಳ್ತದ. ಖರೇ ಬರದ್ರ..."

"ಖರೇ ಬರೀರಿ" ಎಂದೆ. "ಎಲ್ಲಾನೂ ಬರೀರಿ. ಗಚ್ಚು ಮಣ್ಣು ಅಂತ, ಸಾಹೇಬರಿಗೆ ಹೇಳಿದ್ದೆ ಅಂತ, ಮಳಿ ಮುಗಿಯೂತನಕ ಗಾಡಿ ಬಿಡಬಾರದು ಅಂತ. ಪುಣಾದಾಗ ಆ ಕಾಗದಾ ಓದೂಮುಂದ ಎದುರಿಗೆ ಮಾಮಾ ಇರ್ತಾರ. ಅಷ್ಟು ಮಂದಿ ಮೆಂಬರುಗಳ ಎದುರಿಗೆ ಯಾರು ನಿಮ್ಮನ್ನ ಮುಟ್ಟತಾರ?"

ಪ್ರಶ್ನೆಯ ಕಾಗದವನ್ನು ಬದಿಗೆ ಸರಿಸಿ ದೌತಿ ಎಳೆದುಕೊಂಡರು. ಆಮೇಲೆ ಬರೆದರು. ಇಂಗ್ಲಿಷನ್ನು ನಾನೇ ತಿದ್ದಿಕೊಟ್ಟೆ. ಪ್ರಶ್ನೆಯೂ ನನ್ನದು, ಉತ್ತರವೂ ನನ್ನದು ಎಂದು ಒಂದು ಕ್ಷಣ ಹೆಮ್ಮೆಯಾಯಿತು.

ಆಗಸ್ಟ್ 4. ಗುರುವಾರ

ಪಂಚಮಿಯ ಉಂಡಿಗಳು ಹಾಗೆಯೇ ಇವೆ.

ಪುಣೆಯ ಪತ್ರಿಕೆ ಬಂತು. ಮಾಮಾ ಪ್ರಶ್ನೆ ಕೇಳಿದ್ದಾರೆ. ಸರಕಾರದ ಪರವಾಗಿ ಒಬ್ಬ ಸಾಹೇಬರು ಎದ್ದು ಉತ್ತರ ಓದಿದ್ದಾರೆ. ಸೇತುವೆಯನ್ನು ಖಾತೆಯ ಹಿರಿಯ ಅಧಿಕಾರಿಗಳು ಪರೀಕ್ಷಿಸಿದ್ದಾರೆ, ಸಂಚಾರಕ್ಕೆ ಭಯವಿಲ್ಲ. ಒಂದು ಕಮಾನಿನ ಗಚ್ಚಿನಲ್ಲಿ ಅಲ್ಪ ದೋಷ ಕಂಡುಬಂದಿದ್ದು, ಅದು ಸ್ಥಳದ ಮೇಲಿದ್ದ ಕೆಳಗಿನ ನೌಕರನ ಅಲಕ್ಷ್ಯದಿಂದ ಆದದ್ದು.

ಇಲ್ಲಿಂದ ಹೋದ ಉತ್ತರ ಪುಣೆಗೆ ಹತ್ತುತ್ತ ಹತ್ತುತ್ತ, ಒಂದೊಂದು ಮೇಜಿನ ಮೇಲೆ ಒಂದೊಂದು ಸಾಲು ಉದುರಿದೆ. ಸಾಹೇಬರಿಗೆ ಹೇಳಿದ್ದೆನೆಂಬ ಸಾಲು ಉದುರಿದೆ. ಗಾಡಿ ನಿಲ್ಲಿಸಬೇಕೆಂಬ ಸಾಲು ಉದುರಿದೆ. ಉಳಿದದ್ದು, ಗಚ್ಚು ಕೆಟ್ಟದ್ದು ಎಂದು ಬಿಂದು ತಾವೇ ಬರೆದುಕೊಟ್ಟ ಸಾಲೊಂದೇ.

ಇಷ್ಟಕ್ಕೇ ಮುಗಿಯಲಿಲ್ಲ. ಮಾಮಾ ಮತ್ತೆ ಎದ್ದಿದ್ದಾರೆ. ಮರುಪ್ರಶ್ನೆ ಕೇಳುವುದರಲ್ಲಿ ಅವರ ಹೆಸರು ದೊಡ್ಡದು. "ಆ ನೌಕರನನ್ನು ಎಂದಿನಂತೆ ಬೇರೆ ಊರಿಗೆ ವರ್ಗ ಮಾಡಿ ಮುಚ್ಚಿಹಾಕುತ್ತೀರೋ, ಅಥವಾ ಸರಕಾರಕ್ಕೆ ಅವನನ್ನು ಕೆಲಸದಿಂದ ತೆಗೆಯುವ ಧೈರ್ಯವಿದೆಯೋ?" ಸರಕಾರ ಹೇಳಿದೆ: ಇದೆ. ಸಭೆಯಲ್ಲಿ ಮೇಜು ಬಡಿದರಂತೆ. ಮಾಮಾ ಸರಕಾರಕ್ಕೆ ಕೃತಜ್ಞತೆ ಹೇಳಿ ಕೂತರಂತೆ.

ಬಿಂದು ಪತ್ರಿಕೆಯನ್ನು ನೀಟಾಗಿ ಮಡಚಿ ಇಟ್ಟರು. ಸಂಜೆ ಕೆಲಸದಿಂದ ತೆಗೆದ ಆಜ್ಞೆಯನ್ನು ನೀಲಪ್ಪನೇ ತಂದ. ಒಳಗೆ ಬರಲಿಲ್ಲ. ಹೊಸ್ತಿಲ ಮೇಲಿಟ್ಟು, ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಹೋದ.

ಆಗಸ್ಟ್ 10. ಬುಧವಾರ, ಧಾರವಾಡ

ಮಾಮಾ ಪುಣೆಯಿಂದ ಬಂದರು. ಸ್ಟೇಶನ್ನಿನಲ್ಲಿ ಹಾರ ಹಾಕಿದ್ದಾರೆ. ಅದೇ ಹಾರದಲ್ಲಿ ಮನೆಗೆ ಬಂದು, ನನ್ನನ್ನು ಕಂಡು, "ನೋಡಿದೇನವಾ ನಿನ್ನ ಪ್ರಶ್ನೀ ಪ್ರತಾಪ! ಒಂದು ತಲಿ ಉರುಳಿಸಿದ್ವಿ!" ಎಂದರು.

"ಯಾರ ತಲಿ ಮಾಮಾ?"

"ಯಾವನೋ ಕೆಳಗಿನವ. ಹೆಸರು ಹೇಳಲಿಲ್ಲ. ಹೆಸರು ಹೇಳೂ ಪದ್ಧತಿ ಇಲ್ಲ."

ನಾನು ಹೇಳಿದೆ. ಮಾಮಿಯ ಎದುರಿಗೆ, ಬಾಯಿಬಿಟ್ಟು, ಗಂಡನ ಹೆಸರನ್ನು ಪೂರ್ತಿ ಹೇಳಿದೆ.

ಹಾರ ತೆಗೆಯುವುದನ್ನು ಮರೆತು ಮಾಮಾ ತೂಗುಮಣೆಯ ಮೇಲೆ ಕೂತರು. "ಆ ಕೆಳಗಿನ ನೌಕರ ಅವನಽ ಅಂತ ನನಗ ಹೊಳೀಲಿಲ್ಲವಾ" ಎಂದರು. "ಕಣ್ಣ ಮುಂದ ಇದ್ದವ, ಎದ್ದು ನಿಂತು ಓದಿದ ದೊಡ್ಡ ಸಾಹೇಬ."

"ಮತ್ತ ಕೇಳ್ರಿ. ಮುಂದಿನ ಬೈಠಕ್ಕಿನಾಗ ಕೇಳ್ರಿ."

"ಉತ್ತರ ಬಂದ ಪ್ರಶ್ನೀನ ಮತ್ತ ಕೇಳಿದ್ರ ಅಧ್ಯಕ್ಷರು ತಗದು ಒಗೀತಾರ. ಅಲ್ಲದ ನಾನಽ ಅವನ ಕೆಲಸಾ ತಗೀರಿ ಅಂತ ಕೇಳಿ, ನಾನಽ ಕೊಡ್ರಿ ಅಂತ ಹೆಂಗ ಕೇಳಲಿ? ಮಂದಿ, ನಿಮಗ ಏನಾಗಬೇಕ್ರೀ ಅಂವಾ ಅಂತ ಕೇಳ್ತಾರ. ಆಗ ಏನ್ ಹೇಳ್ಲಿ?"

"ನನ್ನ ಮಗಳ ಗಂಡ ಅಂತ ಹೇಳ್ರಿ."

"ಅದಕ್ಕಽ ಹೇಳಲಿಕ್ಕೆ ಆಗೂದಿಲ್ಲವಾ."

ಕೊರಳಲ್ಲಿದ್ದ ಹಾರದ ಹೂವನ್ನು ಒಂದೊಂದಾಗಿ ಕೀಳತೊಡಗಿದರು. ಮೊದಲಿನ ನಾನಾಗಿದ್ದರೆ ಹೋಗಿ ತಬ್ಬಿಕೊಳ್ಳುತ್ತಿದ್ದೆ. ಮಾಮಿ ಹೋಳಿಗೆ ಕಟ್ಟಿಕೊಟ್ಟಳು. ಬೇಡವೆಂದೆ.

ಹಿಂದಿರುಗುವಾಗ ಸರ್ವಿಸ್ ಮೋಟಾರಿನಲ್ಲಿ ಅದೇ ಸೇತುವೆಯ ಮೇಲೆ ಬಂದೆ. ದಾಟುವಾಗ ಎಲ್ಲರೂ ಮಾತಾಡುತ್ತಲೇ ಇದ್ದರು.

ಆಗಸ್ಟ್ 15. ಸೋಮವಾರ, ರಾಯಾಪುರ

ಹುಬ್ಬಳ್ಳಿಯ ಮನೆ ಬಿಟ್ಟೆವು. ಓಣಿಯವರು, ಮಣ್ಣಿನಲ್ಲಿ ಸೇತುವೆ ಕಟ್ಟಿ ಸಿಕ್ಕಿಬಿದ್ದ ಓವರ್ಸಿಯರ್ ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ಇಲ್ಲಿ ಗೌರಕ್ಕನೆಂಬ ಒಕ್ಕಲಗಿತ್ತಿಯ ಮನೆಯ ಬದಿಯ ಕೋಣೆಯಲ್ಲಿದ್ದೇವೆ. ಇಲ್ಲಿಗೇ ಬರಬೇಕೆಂದು ಹಟ ಹಿಡಿದವರು ಬಿಂದು. ಬೆಳಿಗ್ಗೆ ಎದ್ದವರೇ ಸೇತುವೆಯ ಬಾಯಿಗೆ ಹೋಗಿ ನಿಲ್ಲುತ್ತಾರೆ. ಬಂದ ಗಾಡಿಯನ್ನೆಲ್ಲ ನಿಲ್ಲಿಸಿ, ಕೆಳಗೆ ಹಳೆಯ ದಾರಿಯಲ್ಲಿ ಹಳ್ಳಕ್ಕಿಳಿದು ಹೋಗಿರಿ, ನೀರು ಹೆಚ್ಚಿದ್ದರೆ ಇಳಿಯುವವರೆಗೆ ತಡೆಯಿರಿ ಎಂದು ಹೇಳುತ್ತಾರೆ. ನಾನೂ ಹೋಗಿ ನಿಲ್ಲುತ್ತೇನೆ.

"ಸರಕಾರದವರು ಗಟ್ಟಿ ಐತಿ ಅಂದಾರಲ್ರಿ" ಎಂದ ಒಬ್ಬ ಹತ್ತಿಯ ಗಾಡಿಯವನು.

"ನಾನು ಕಟ್ಟಿಸಿದವ ಹೇಳಾಕತ್ತೀನೋ ಮಾರಾಯ."

"ನೀವು ಕಟ್ಟಿಸಿದ್ದಕ್ಕಽ ಅಲ್ಲೇನ್ರಿ ನಿಮ್ಮನ್ನ ತಗದದ್ದು?" ಎಂದು ನಕ್ಕು ಎತ್ತು ಹೊಡೆದ. ಮೇಲೆಯೇ ಹೋದ.

ಆಗಸ್ಟ್ 19. ಶುಕ್ರವಾರ

ಮಳೆ ಹಿಡಿದಿದೆ. ಹುಚ್ಚ ಓವರ್ಸಿಯರ್ ಎಂದು ಹೆಸರು ಬಿದ್ದಿದೆ. ನನಗೂ ಏನೋ ಇಟ್ಟಿರಬೇಕು. ಗೌರಕ್ಕ ಹೇಳಲೊಲ್ಲಳು.

"ಯವ್ವಾ, ನಿನ್ನ ಗಂಡ ನೆನದು ನೆನದು ಸಾಯ್ತಾನ. ಬಿಡಿಸು ಅವನ್ನ" ಎಂದಳು.

ಬಿಡಿಸಲು ನೋಡಿದೆ. "ಯಾರರೆ ಬಿದ್ರ?" ಎಂದರು. ಇಷ್ಟೇ.

ಆಗಸ್ಟ್ 23. ಮಂಗಳವಾರ

ನನ್ನ ಮೊದಲ ವರ್ಷದ ಮಂಗಳಗೌರಿ. ಮಾಮಿ ಮೋಟಾರಿನಲ್ಲಿ ಪೂಜೆಯ ಸಾಮಾನು ಕಳಿಸಿದ್ದಳು. ಗಂಡನ ಆಯುಷ್ಯ ಬೇಡಬೇಕು, ಬೇಡಿದೆ. ಆಮೇಲೆ, ಆ ಕಮಾನು ಒಂದು ಸಲ ಬಿದ್ದುಬಿಡಲಿ ಎಂದೂ ಬೇಡಿದೆ. ಮೇಲೆ ಯಾರೂ ಇಲ್ಲದಾಗ, ನಸುಕಿನಲ್ಲಿ, ತಾನೇ ತಾನಾಗಿ. ಬಿದ್ದರೆ ಪುಣೆಯವರು ಬಂದು ನೋಡಲೇಬೇಕು. ಬಿದ್ದ ಕಲ್ಲನ್ನು ಯಾರೂ ಮೇಜಿನ ಮೇಲಿಟ್ಟು ತಿದ್ದಲಾರರು.

ಇದರಲ್ಲಿ ಪಾಪವೇನಿದೆ.

ಆಗಸ್ಟ್ 26. ಶುಕ್ರವಾರ

ಅವರಿಗೆ ಜ್ವರ. ಏಳಗೊಡಲಿಲ್ಲ. ನಾನೊಬ್ಬಳೇ ಹೋಗಿ ನಿಂತೆ. ಹಳ್ಳ ಕೆಂಪಗೆ ಬಂದಿದೆ, ನಡುವಿನ ಕಮಾನಿನ ಬುಡದಲ್ಲಿ ಸುಳಿ. ಒಂದು ಸಂದಿಯಿಂದ ಗಚ್ಚು ತೊಳೆದುಹೋಗಿ ಕಪ್ಪು ತೂತು ಕಾಣುತ್ತದೆ. ಅದನ್ನು ನೋಡಿ ಬಂದು ಅವರಿಗೆ ಹೇಳಿದೆ. ಹೆದರಿದರು. ನನಗೆ ಊಟ ರುಚಿಸಿತು, ಬಹಳ ದಿನಗಳ ಮೇಲೆ.

ಆಗಸ್ಟ್ 27. ಶನಿವಾರ

ನಿಂತಿದೆ.

ಆಗಸ್ಟ್ 28. ರವಿವಾರ

ನಿಂತೇ ಇದೆ. ಜ್ವರವೂ ಇಳಿದಿಲ್ಲ. ಮಾಮಾ ಹುಬ್ಬಳ್ಳಿಗೆ ಹೋಗುವಾಗ ಮೋಟಾರು ನಿಲ್ಲಿಸಿ ಡಾಕ್ಟರನ್ನು ಇಳಿಸಿಕೊಟ್ಟರು. ತಾವು ಇಳಿಯಲಿಲ್ಲ. ಸೇತುವೆಯ ಮೇಲೆಯೇ ಹೋದರು. ನಾನು ನೋಡುತ್ತ ನಿಂತೆ.

ಆಗಸ್ಟ್ 29. ಸೋಮವಾರ

ಬೆಳಗಿನಿಂದ ಬಿಡದೆ ಸುರಿಯಿತು. ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಹೋಗಿ ನಿಂತೆ. ಧಾರವಾಡದ ಕಡೆಯಿಂದ ಒಂದು ಸವಾರಿ ಗಾಡಿ ಬಂತು, ಮೇಲೆ ತಟ್ಟಿಯ ಮರೆ. ಚೌತಿಗೆ ತವರಿಗೆ ಹೊರಟವರು. ಒಳಗೆ ಒಬ್ಬ ಮುದುಕಿ, ಎರಡು ಕೂಸು, ಹಸಿರು ಬಳೆಯ ಹೊಸ ಮದುಮಗಳೊಬ್ಬಳು. ಗಾಡಿಯವನು ತಾನಾಗಿಯೇ ಎತ್ತು ನಿಲ್ಲಿಸಿ, "ಏನವಾ, ಸೇತುವಿ ಗಟ್ಟಿ ಐತಿಲ್ಲೋ?" ಎಂದು ಕೇಳಿದ. ಇಷ್ಟು ದಿನದಲ್ಲಿ ತಾನಾಗಿ ಕೇಳಿದವನು ಅವನೊಬ್ಬನೇ.

ಹೇಳಿದ್ದರೂ ಹಳ್ಳದ ಸಪ್ಪಳಕ್ಕೆ ನನ್ನ ದನಿ ಕೇಳಿಸುತ್ತಿರಲಿಲ್ಲ. ಎರಡು ದಿನದಿಂದ ನೆಗಡಿ ಬೇರೆ. ಅವನು ಒಂದು ಕ್ಷಣ ಕಾದು, ಎತ್ತು ಹೊಡೆದ.

ನಡುವಿನ ಕಮಾನಿನ ಮೇಲೆ ಗಾಡಿ ಬಂದಾಗ ಉಸಿರು ಹಿಡಿದುಕೊಂಡಿದ್ದೆ. ಕೆಳಗೆ ನೀರಿನಲ್ಲಿ ಏನೋ ದಪ್ಪಗೆ ಬಿದ್ದ ಸದ್ದಾಯಿತು, ಒಂದು ಕಲ್ಲಿರಬೇಕು. ಗಾಡಿ ಆಚೆ ದಂಡೆ ಸೇರಿತು. ಆ ಹುಡುಗಿ ತಟ್ಟಿಯ ಸಂದಿಯಿಂದ ತಲೆ ಹೊರಗೆ ಹಾಕಿ, ಯಾಕೋ ನನ್ನ ಕಡೆ ನೋಡಿ ನಕ್ಕಳು.

ಮನೆಗೆ ಬಂದಾಗ ಅವರು ಎಚ್ಚರವಾಗಿದ್ದರು. "ಯಾರರೆ ಬಂದಿದ್ರೇನು?"

"ಒಂದು ಗಾಡಿ."

"ಹೇಳಿದಿಲ್ಲೋ?"

"ಹೇಳಿದೆ. ಕೇಳಲಿಲ್ಲ."

ನನ್ನ ಕೈ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ನೀ ಇರದಿದ್ರ ಆ ಮಂದಿಗೆ ಯಾರಿದ್ರು" ಎಂದರು. ಹಣೆ ಇನ್ನೂ ಸುಡುತ್ತಿದೆ. ಒದ್ದೆ ಅರಿವೆ ಹಾಕಿದ್ದೇನೆ.

ಮೋಡ ಕಪ್ಪಗೆ ಕವಿದಿದೆ. ಇನ್ನೂ ಮಳೆ ಇದೆ ಎಂದಳು ಗೌರಕ್ಕ. ಚೌತಿ ಹತ್ತಿರ ಬಂತು, ನಾಳೆ ಗಾಡಿಗಳು ಬಹಳ ಇರುತ್ತವೆ. ಬೇಗ ಎದ್ದು ಹೋಗಬೇಕು.